ಥ್ರಾಟಲ್, ಮಿಕ್ಸ್ಚರ್‌ಗೆ ಕನ್ನಡ ಪದ: ಶುಕ್ರವಾರದೊಳಗೆ ಬೇಕು

ಪೋರ್ಟ್‌ಲ್ಯಾಂಡಿನಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಓರೆಗಾನಿನಲ್ಲಿ ನಾನೂ ಒಬ್ಬ ಗೆಳೆಯನೂ ಸೇರಿ ಆರ್‌ವಿ-7 ಕಿಟ್ ತಂದು ವಿಮಾನ ಕಟ್ಟುತ್ತಿದ್ದೇವೆ. ಇಬ್ಬರು ಕೂರುವಂಥದ್ದು, 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್. ಈ ವಾರ ಡ್ಯಾಶ್‌ಬೋರ್ಡಿನ ಕೆಳಗೆ ಎಂಜಿನ್ನಿನ ಗುಬುಟುಗಳನ್ನು (ನಾಬ್‌ಗಳನ್ನು) ಕೂರಿಸಿದೆವು. ಎಂಜಿನ್ನಿನ ಶಕ್ತಿ ಏರಿಳಿಸಲು ಕಪ್ಪು ಥ್ರಾಟಲ್, ನೀಲಿ ಪ್ರೊಪೆಲರ್, ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕು ಅನ್ನುವುದಕ್ಕೆ ಕೆಂಪು ಮಿಕ್ಸ್ಚರ್, ಪಕ್ಕಕ್ಕೆ ಕಾರ್ಬ್ಯುರೇಟರ್ ಹೀಟ್. ಗಾಳಿ ಪೆಟ್ರೋಲ್ ಬೆರೆಯುವ ಜಾಗವೇ ಕಾರ್ಬ್ಯುರೇಟರ್. ಶನಿವಾರ ನಮ್ಮ ಕನ್ನಡ ತರಗತಿಯ ಮಕ್ಕಳು ನೋಡಲು ಬರುತ್ತಾರೆ. ಇಂಗ್ಲಿಷ್ ಹೆಸರು ಇದ್ದೇ ಇರುತ್ತದೆ. ಅದರ ಕೆಳಗೆ ಕನ್ನಡದ ಚೀಟಿ ಅಂಟಿಸುವ ಆಸೆ. ಚೀಟಿ ಎರಡು ಬೆರಳಿನಷ್ಟು ಅಗಲ, ಉದ್ದುದ್ದ ಪದ ಹಿಡಿಸುವುದಿಲ್ಲ.

ಮೈಸೂರಿನಿಂದ:
ಥ್ರಾಟಲ್‌ನ ಬೇರು ಥ್ರೋಟ್, ಅಂದರೆ ಗಂಟಲು. ಗಂಟಲು ಅಮುಕುವುದೇ ಥ್ರಾಟಲ್. ಹಾಗಾಗಿ 'ಕೊರಳೊತ್ತು'. ಅಚ್ಚಗನ್ನಡ, ಚಿಕ್ಕದು, ಬೇರಿಗೂ ನಿಷ್ಠೆ. ಮಿಕ್ಸ್ಚರ್‌ಗೆ 'ಬೆರಕೆ'. 'ಮಿಶ್ರಣ' ಸಂಸ್ಕೃತ, ಬೇಡ.

ಹುಬ್ಬಳ್ಳಿಯಿಂದ:
ಬೆರಕೆ ಅಂದರೆ ಕಲಬೆರಕೆ ಸ್ವಾಮಿ. ಕಲಬೆರಕೆ ಪೆಟ್ರೋಲ್ ಹಾಕಿಕೊಂಡು ವಿಮಾನ ಹಾರಿಸುತ್ತಾರಾ? ಥ್ರಾಟಲ್‌ಗೆ ಥ್ರಾಟಲ್ ಅನ್ನಿ, ಮಾತು ಮುಗೀತು.

ಕೋಲಾರದಿಂದ:
ಬೆರಕೆ ಸೊಪ್ಪಿನ ಸಾರು ಉಂಡವರು ಯಾರೂ ಹಾಗೆ ಹೇಳುವುದಿಲ್ಲ. ಬೆರಕೆ ಒಳ್ಳೆಯ ಪದ. ಆದರೆ ಕೊರಳೊತ್ತು? ಕ್ಷಮಿಸಿ, ಆ ಗುಬುಟು ಏನು ಮಾಡುತ್ತದೆ ಅಂತ ನೋಡಿದ್ದೀರಾ? ಕಾರ್ಬ್ಯುರೇಟರಿನ ಬಾಯಲ್ಲಿ ಒಂದು ತಟ್ಟೆ ಅಡ್ಡ ನಿಂತಿರುತ್ತದೆ. ಗುಬುಟು ಒಳಗೆ ತಳ್ಳಿದರೆ ತಟ್ಟೆ ಓರೆಯಾಗಿ ದಾರಿ ಬಿಡುತ್ತದೆ. ಎಂಜಿನ್ ಉಸಿರು ಜಾಸ್ತಿ ಎಳೆದುಕೊಳ್ಳುತ್ತದೆ. ಅಂದರೆ 'ಕೊರಳೊತ್ತು' ಅನ್ನುವುದನ್ನು ಪೂರ್ತಿ ಒತ್ತಿದಾಗಲೇ ಕೊರಳು ಪೂರ್ತಿ ಬಿಡುಗಡೆ! ಇಂಗ್ಲಿಷಿನವರು ಮುಚ್ಚುವ ಕೆಲಸದ ಹೆಸರಿಟ್ಟು ತೆರೆಯುವುದಕ್ಕೆ ಬಳಸಿಕೊಂಡರು. ಅವರ ಎಡವಟ್ಟನ್ನು ನಾವು ಯಾಕೆ ಅನುವಾದ ಮಾಡಬೇಕು?

ಶಿವಮೊಗ್ಗದಿಂದ:
'ಸನ್ನೆ' ಎಲ್ಲಿ ಹೋಯಿತು? ಸನ್ನೆಗೋಲು ಶಾಲೆಯ ಪುಸ್ತಕದಲ್ಲೇ ಇದೆ. ವೇಗಸನ್ನೆ, ಬೆರಕೆಸನ್ನೆ. ಮುಗಿಯಿತು.

ಪೋರ್ಟ್‌ಲ್ಯಾಂಡಿನಿಂದ:
ಸರ್, ಸನ್ನೆ ನನಗೂ ಇಷ್ಟ. ಆದರೆ ಸನ್ನೆಗೆ ತಿರುಗುವ ಒಂದು ಆಧಾರ ಬೇಕಲ್ವಾ? ಕೆಲವರು ಸಾಲಾಗಿ ಹಿಂದೆ ಮುಂದೆ ಆಡುವ ಕೋಲುಗಳನ್ನು ಹಾಕಿಸುತ್ತಾರೆ, ಅವು ನಿಜವಾದ ಸನ್ನೆ. ನಮ್ಮದು ಎಳೆದು ತಳ್ಳುವ ಗುಬುಟು. ಹಿಂದೆ ಕವಚದೊಳಗೆ ಗಟ್ಟಿ ತಂತಿ. ಸೈಕಲ್ಲಿನ ಬ್ರೇಕ್ ವೈರು ಎಳೆಯುವುದಕ್ಕೆ ಮಾತ್ರ, ಇದು ತಳ್ಳಲೂ ಬೇಕು. ಅದಕ್ಕೇ ಬಿಗಿಯಾಗಿ ಬಗ್ಗಿಸಿದರೆ ಕೈಗೆ ಮರಳು ಉಜ್ಜಿದ ಹಾಗೆ ಸಿಗುತ್ತದೆ. ಎಂಜಿನ್ನಿಗೂ ನಮಗೂ ನಡುವಿನ ಬೆಂಕಿತಡೆ ತಗಡಿನಲ್ಲಿ ತೂತು ಎಲ್ಲಿ ಕೊರೆಯಬೇಕು ಅಂತ ಮೂರು ದಿನ ಹೆಣಗಿದೆವು. ಮೊದಲನೇ ತೂತು ನಾನೇ ತಪ್ಪಾಗಿ ಕೊರೆದೆ, ಈಗ ಅದಕ್ಕೆ ತೇಪೆ. 'ವೇಗ' ಅಂದರೂ ಪೇಚು. ಮೇಲೇರುವಾಗ ಥ್ರಾಟಲ್ ಪೂರ್ತಿ, ವೇಗ ಕಮ್ಮಿ. ಮಕ್ಕಳು ಕೇಳಿಯೇ ಕೇಳುತ್ತಾರೆ.

ಬೆಂಗಳೂರಿನಿಂದ:
ನಮ್ಮ ಗ್ಯಾರೇಜಿನವರು 'ರೇಸ್ ಕೊಡು' ಅನ್ನುತ್ತಾರೆ. ಮಿಕ್ಸ್ಚರ್‌ಗೆ 'ಪೆಟ್ರೋಲ್ ಜಾಸ್ತಿ ಹೋಗ್ತಿದೆ', 'ಗಾಳಿ ಜಾಸ್ತಿ' ಅಷ್ಟೇ. ಹೆಸರಿಗಿಂತ ಯಾವ ಕಡೆ ಏನು ಅನ್ನುವುದು ಮುಖ್ಯ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಫ್ರೆಂಚ್ ಯುದ್ಧವಿಮಾನಗಳಲ್ಲಿ ಥ್ರಾಟಲ್ ಉಲ್ಟಾ ಇರುತ್ತಿತ್ತು, ಹಿಂದಕ್ಕೆ ಎಳೆದರೆ ಶಕ್ತಿ ಜಾಸ್ತಿ. ಹಾಗಾಗಿ ಚೀಟಿಯಲ್ಲಿ ಬಾಣ ಹಾಕಿ 'ತಳ್ಳಿದರೆ ಜಾಸ್ತಿ' ಅಂತ ಬರೆಯಿರಿ. ಕೆಂಪು ಗುಬುಟಿಗೂ ಅಷ್ಟೇ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಪೆಟ್ರೋಲೂ ಕಮ್ಮಿ ಮಾಡಬೇಕು, ಅದಕ್ಕೆ ಹೊರಗೆ ಎಳೆಯುವುದು. ಪೂರ್ತಿ ಎಳೆದರೆ ಎಂಜಿನ್ ಬಂದ್. ಇದನ್ನು ಬರೆಯದೆ ಬರೀ 'ಬೆರಕೆ' ಅಂದರೆ ಯಾರಿಗೆ ಏನು ಗೊತ್ತಾಗುತ್ತದೆ?

ಮೈಸೂರಿನಿಂದ:
'ರೇಸ್' ಅಂತೆ! ಇದು ಪದಚರ್ಚೆಯೋ ಗ್ಯಾರೇಜೋ? ಈ ಇಂಗ್ಲಿಷ್ ಗುಲಾಮಗಿರಿ ಬಿಡದೆ ಕನ್ನಡ ಬೆಳೆಯುವುದಿಲ್ಲ. ನುಡಿಯ ಚುಕ್ಕಾಣಿ ನಮ್ಮ ಕೈಯಲ್ಲೇ ಇರಬೇಕು.

ಹುಬ್ಬಳ್ಳಿಯಿಂದ:
ಗುಲಾಮ ಅರಬ್ಬಿ, ಗಿರಿ ಪಾರಸಿ. ಚುಕ್ಕಾಣಿಯೂ ಅರಬ್ಬಿಯ ಸುಕ್ಕಾನ್, ಹಡಗಿನ ಜೊತೆ ಬಂದದ್ದು. ಹಡಗಿನವರು ತಂದದ್ದು ನಮ್ಮದಾಗಬಹುದು, ವಿಮಾನದವರು ತಂದದ್ದು ಆಗಬಾರದು. ಭೇಷ್.

ಮೈಸೂರಿನಿಂದ:
ನೂರಾರು ವರ್ಷ ಬಾಯಲ್ಲಿ ಉರುಳಿ ನಮ್ಮದಾದ ಪದ ಬೇರೆ, ನಿನ್ನೆ ಅಂಟಿಸಿದ ಪದ ಬೇರೆ. ಇಷ್ಟೂ ತಿಳಿಯದವರ ಜೊತೆ ವಾದವಿಲ್ಲ.

ಕೋಲಾರದಿಂದ:
ಉರುಳಲು ಬಿಟ್ಟರೆ ತಾನೇ ಉರುಳುವುದು? ಅದಿರಲಿ, ಕಾರ್ಬ್ಯುರೇಟರ್ ಹೀಟ್ ಬಗ್ಗೆ ಯಾರೂ ಜಗಳ ಆಡಲಿಲ್ಲ. 'ಬಿಸಿಗಾಳಿ' ಸಾಕು ಅಂತ ನಾನು.

ಪೋರ್ಟ್‌ಲ್ಯಾಂಡಿನಿಂದ:
ಚೀಟಿ ಅಂಟಿಸಿ ಆಯಿತು. ಕಪ್ಪಿಗೆ 'ಉಸಿರು: ತಳ್ಳಿದರೆ ಜಾಸ್ತಿ'. ಇದು ಕೋಲಾರದವರ ಮಾತಿನಿಂದ ಎತ್ತಿಕೊಂಡದ್ದು. ಕೆಂಪಿಗೆ 'ಬೆರಕೆ: ಎಳೆದರೆ ಪೆಟ್ರೋಲ್ ಕಮ್ಮಿ', ಕೆಳಗೆ ಕೆಂಪಕ್ಷರದಲ್ಲಿ 'ಪೂರ್ತಿ ಎಳೆದರೆ ಬಂದ್'. ನಾಲ್ಕನೆಯದಕ್ಕೆ 'ಬಿಸಿಗಾಳಿ'. ಬಿಸಿಲಿದ್ದರೂ ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಅದನ್ನು ಕರಗಿಸಲು ಈ ಬಿಸಿಗಾಳಿ ಅಂದರೆ ಮಕ್ಕಳು ನಂಬುತ್ತಾರೋ ನೋಡಬೇಕು. ನೀಲಿ ಗುಬುಟು ಪ್ರೊಪೆಲರ್ ಆಗಿಯೇ ಉಳಿಯಿತು. ಮೈಸೂರಿನವರು ಬೇಜಾರಾಗಬೇಡಿ ಸರ್, ಬೆರಕೆ ನಿಮ್ಮದೇ.

ಮೈಸೂರಿನಿಂದ:
ಗುಬುಟು ಅಲ್ಲ, ಗುಬಟು.