ಟಿ7 ಆರ್‌ಎನ್‌ಎ: ಜೆಲ್‌ನಲ್ಲಿ ಎರಡು ಬ್ಯಾಂಡ್ ಯಾಕೆ?

ಪ್ರಶ್ನೆ: ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) ಕತ್ತರಿಸಿ, ಟಿ7 ಪಾಲಿಮರೇಸ್‌ನಿಂದ (ಡಿಎನ್‌ಎ ನೋಡಿ ಆರ್‌ಎನ್‌ಎ ಕಟ್ಟುವ ಕಿಣ್ವ) 120 ನ್ಯೂಕ್ಲಿಯೊಟೈಡ್‌ಗಳ (ಎಳೆಯ ಬಿಡಿ ಘಟಕಗಳ) ಆರ್‌ಎನ್‌ಎ ಮಾಡಿದೆ, 37 ಡಿಗ್ರಿ, 3 ಗಂಟೆ. ಅಣುಗಳನ್ನು ಬೇರ್ಪಡಿಸಿ ತೋರಿಸುವ ಅಗರೋಸ್ ಜೆಲ್‌ನಲ್ಲಿ ಎರಡು ಬ್ಯಾಂಡ್ (ಪಟ್ಟೆ), ಟ್ಯೂಬಿನಲ್ಲಿ ಬಿಳಿ ಗಸಿ. ಹಾಳಾಗಿದೆಯೇ?

ಉತ್ತರ 1: ಹಾಳಾಗಿದ್ದರೆ ಕೆಳಗಿನವರೆಗೆ ಮಸುಕು ಪಟ್ಟೆ ಬರುತ್ತಿತ್ತು. ಬಹುಶಃ ಒಂದೇ ಎಳೆ ಎರಡು ರೀತಿ ಮಡಚಿಕೊಂಡಿದೆ; ಆರ್‌ಎನ್‌ಎ ಅಕ್ಷರಗಳಲ್ಲಿ (ಬೇಸ್) ಜಿ-ಸಿ, ಎ-ಯು ಅಲ್ಲದೆ ಜಿ-ಯು ಕೂಡ ಜೋಡಿಯಾಗುತ್ತವಲ್ಲ. ಫಾರ್ಮಮೈಡ್ ಸೇರಿಸಿ 95 ಡಿಗ್ರಿಯಲ್ಲಿ 2 ನಿಮಿಷ ಕಾಯಿಸಿ, 8 ಮೋಲಾರ್ ಯೂರಿಯಾ ಇರುವ ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ಓಡಿಸಿ; ಇವು ಮಡಿಕೆ ಬಿಡಿಸುತ್ತವೆ, ಮಡಿಕೆಯೇ ಕಾರಣವಾಗಿದ್ದರೆ ಒಂದೇ ಬ್ಯಾಂಡ್ ಕಾಣುತ್ತದೆ. ಗಸಿ ಮೆಗ್ನೀಸಿಯಂ ಪೈರೋಫಾಸ್ಫೇಟ್; ಮೆಗ್ನೀಸಿಯಂ ಹಿಡಿದಿಡುವ ಇಡಿಟಿಎಗೆ ಕರಗುತ್ತದೆ.

ಉತ್ತರ 2: ಆ ಇಡಿಟಿಎ ಕಾಯಿಸುವ ಮೊದಲೇ ಹಾಕಿ. ಮೆಗ್ನೀಸಿಯಂ ಉಳಿದಿದ್ದರೆ ಬಿಸಿಯಲ್ಲಿ ಆರ್‌ಎನ್‌ಎ ಸಕ್ಕರೆಯ 2′ ಹೈಡ್ರಾಕ್ಸಿಲ್ ಪಕ್ಕದ ಫಾಸ್ಫೇಟಿನ ಮೇಲೆರಗಿ ಎಳೆ ತುಂಡಾಗುತ್ತದೆ. ಯೂರಿಯಾದಲ್ಲೂ ಎರಡೇ ಕಂಡರೆ ಪ್ಲಾಸ್ಮಿಡ್ ಕತ್ತರಿಸಿದ ಕಿಣ್ವ ನೋಡಿ: ಕತ್ತರಿಸಿದ ಡಿಎನ್‌ಎಯ 3′ ತುದಿ ಚಾಚಿಕೊಂಡಿದ್ದರೆ ಟಿ7 ಡಿಎನ್‌ಎಯ ಎದುರು ಎಳೆಯನ್ನೂ ನಕಲಿಸಿ ಬೇರೆ ಆರ್‌ಎನ್‌ಎ ಮಾಡಬಹುದು.