ಡಿ ಅಂಡ್ ಡಿ ಆಡಿ ದಣಿದ ಗುಂಪನ್ನು ಬೇರೆ ಆಟದತ್ತ ತಿರುಗಿಸಿದ್ದು ಹೇಗೆ? ಅನುಭವ ಹೇಳಿ

ಕೇಳಿದವರು

ನಾವು ಆರು ಜನ ಗೆಳೆಯರು. ನಾಲ್ಕು ವರ್ಷಗಳಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂಬ, ದಾಳ ಹಾಕುತ್ತಾ ಪಾತ್ರಗಳಾಗಿ ಕಥೆ ಕಟ್ಟುವ ಆಟದ ಐದನೇ ಆವೃತ್ತಿಯನ್ನು ಆಡುತ್ತಿದ್ದೇವೆ. ಮೊದಲ ದಿನದಿಂದಲೂ ಕಥೆ ನಡೆಸುವ ಗೇಮ್ ಮಾಸ್ಟರ್ ನಾನೇ. ಪಾತ್ರಗಳು ಹನ್ನೊಂದನೇ ಲೆವೆಲ್ ಮುಟ್ಟಿವೆ, ಈಗ ಯಾವುದಕ್ಕೂ ಹೆದರುವುದಿಲ್ಲ. ಒಂದು ಕಾಳಗ ಮುಗಿಯಲು ಎರಡು ಗಂಟೆ ಹಿಡಿಯುತ್ತದೆ, ಅದರ ತಯಾರಿಗೆ ನನ್ನ ಮೂರು ಸಂಜೆಗಳು ಹೋಗುತ್ತವೆ. ಬೇರೆ ಆಟಗಳ ಬಗ್ಗೆ ಓದಿದಾಗಲೆಲ್ಲ ಆಸೆಯಾಗುತ್ತದೆ. ಗೆಳೆಯರು ಮಾತ್ರ "ಇದೊಂದನ್ನು ಕಲಿಯುವುದಕ್ಕೇ ವರ್ಷವಾಯಿತು, ಮತ್ತೊಂದು ಏಕೆ?" ಎನ್ನುತ್ತಾರೆ. ಈ ದಾರಿಯಲ್ಲಿ ನಡೆದವರು ಎಲ್ಲಿಂದ ಹೊರಟಿರಿ, ಎಲ್ಲಿ ಎಡವಿದಿರಿ, ತಿಳಿಸಿ.

ಹನ್ನೆರಡು ವರ್ಷಗಳಿಂದ ಆಟ ನಡೆಸುತ್ತಿರುವವರು

ಎಡವಿದ್ದನ್ನೇ ಮೊದಲು ಹೇಳಿಬಿಡುತ್ತೇನೆ. ನಡೆಯುತ್ತಿದ್ದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, "ಮುಂದಿನ ವಾರದಿಂದ ಬ್ಲೇಡ್ಸ್ ಇನ್ ದ ಡಾರ್ಕ್" ಎಂದು ಸಾರಿದೆ. ದಪ್ಪ ನಿಯಮ ಪುಸ್ತಕವನ್ನು ಎಲ್ಲರಿಗೂ ಕಳುಹಿಸಿ, ಓದಿಕೊಂಡು ಬನ್ನಿ ಎಂದೆ. ಒಬ್ಬರೂ ಓದಿ ಬರಲಿಲ್ಲ. ಎರಡು ಸಂಜೆ ತಡವರಿಸಿ ಆಡಿ ಕೈಬಿಟ್ಟೆವು. ಆಮೇಲೆ ಮೂರು ತಿಂಗಳು ಮೇಜಿನ ಸುತ್ತ ಯಾರೂ ಸೇರಲೇ ಇಲ್ಲ. ಆಟ ಒಳ್ಳೆಯದೇ ಇತ್ತು. ಅದನ್ನು ನಾನು ಮುಂದಿಟ್ಟ ರೀತಿ ತಪ್ಪಾಗಿತ್ತು.

ನಮ್ಮನ್ನು ಮತ್ತೆ ಸೇರಿಸಿದ್ದು ಒಂದೇ ಒಂದು ಪುಟದ ಆಟ. ಅಂದು ಒಬ್ಬರು ಬರುವಂತಿರಲಿಲ್ಲ, ಅವರನ್ನು ಬಿಟ್ಟು ಹಳೆಯ ಕಥೆ ಮುಂದುವರಿಸುವ ಮನಸ್ಸೂ ಇರಲಿಲ್ಲ. ಜಾನ್ ಹಾರ್ಪರ್ ಅವರ ಲೇಸರ್ಸ್ ಅಂಡ್ ಫೀಲಿಂಗ್ಸ್ ತೆಗೆದೆ. ಬಾಹ್ಯಾಕಾಶ ನೌಕೆಯೊಂದರ ಸಿಬ್ಬಂದಿಯ ಕಥೆ ಅದು. ಎರಡರಿಂದ ಐದರ ನಡುವೆ ಒಂದು ಸಂಖ್ಯೆ ಆರಿಸಿಕೊಳ್ಳಬೇಕು. ಪಾತ್ರದ ಸಾಮರ್ಥ್ಯವೆಲ್ಲ ಆ ಒಂದೇ ಅಂಕಿಯಲ್ಲಿರುತ್ತದೆ. ಯಂತ್ರ, ತರ್ಕ, ಲೆಕ್ಕಾಚಾರದ ಕೆಲಸಕ್ಕೆ ಕೈಹಾಕಿದರೆ ಆರು ಮುಖದ ದಾಳದಲ್ಲಿ ಅದಕ್ಕಿಂತ ಕಡಿಮೆ ಬೀಳಬೇಕು. ಮಾತು, ಮಮತೆ, ಆವೇಶದ ಕೆಲಸವಾದರೆ ಅದಕ್ಕಿಂತ ಹೆಚ್ಚು ಬೀಳಬೇಕು. ಒಂದು ಕಡೆ ಗಟ್ಟಿಯಾದಷ್ಟೂ ಇನ್ನೊಂದು ಕಡೆ ಸಡಿಲ. ಹತ್ತು ನಿಮಿಷದಲ್ಲಿ ಎಲ್ಲರ ಪಾತ್ರವೂ ಸಿದ್ಧವಾಯಿತು.

ಅಂದು ಕಂಡ ಒಂದು ಸಂಗತಿಯನ್ನು ಮರೆಯಲಾರೆ. ನೌಕೆಯ ಬಾಗಿಲು ತೆರೆದು ಅಪರಿಚಿತನೊಬ್ಬ ಒಳಗೆ ಬಂದ ಕೂಡಲೇ ಎಲ್ಲರೂ ಅಭ್ಯಾಸಬಲದಿಂದ ತಲೆ ತಗ್ಗಿಸಿ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ವಿವರದ ಹಾಳೆ, ನೋಡಿದರು. ಯಾವ ಮಂತ್ರವಿದೆ, ಯಾವ ಕೌಶಲವಿದೆ ಎಂದು ಹುಡುಕುವುದು ನಮಗೆ ಅಷ್ಟು ರೂಢಿಯಾಗಿತ್ತು. ಈ ಹಾಳೆಯಲ್ಲಿ ಹುಡುಕುವುದಕ್ಕೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಮೌನ. ಆಮೇಲೆ, ನಮ್ಮಲ್ಲಿ ಅತಿ ಕಡಿಮೆ ಮಾತಾಡುವ ಗೆಳತಿ ತಲೆಯೆತ್ತಿ, "ಅವನ ಕೈ ನಡುಗುತ್ತಿದೆಯೇ?" ಎಂದು ಕೇಳಿದಳು. ವರ್ಷಗಟ್ಟಲೆ ಆಡಿದ್ದರೂ ಅವಳ ಬಾಯಿಂದ ಅಂಥ ಪ್ರಶ್ನೆ ಬಂದಿರಲಿಲ್ಲ. ನಿಯಮ ಕಲಿಯುವುದು ನಿಮ್ಮವರಿಗೆ ಕಷ್ಟವಾಗುವುದಿಲ್ಲ. ಹಾಳೆ ನೋಡುವ ಈ ಅಭ್ಯಾಸ ಬಿಡಿಸುವುದಕ್ಕೇ ಹೊತ್ತು ಬೇಕು. ಅದಕ್ಕೆ ಒಂದೇ ಸಂಜೆಯಲ್ಲಿ ಮುಗಿಯುವ ಸಣ್ಣ ಆಟಗಳಷ್ಟು ಉಪಕಾರ ಮಾಡುವುದು ಬೇರೆ ಇಲ್ಲ.

ಎಂಟು ತಿಂಗಳ ನಂತರ ಬ್ಲೇಡ್ಸ್‌ಗೆ ಮರಳಿದೆವು. ಪ್ರೇತಗಳು ತುಂಬಿದ ನಗರವೊಂದರ ಕಳ್ಳರ ತಂಡವಾಗಿ ಆಡುವ ಆಟ ಅದು. ಹಳೆಯ ಚಟದಂತೆ ನಮ್ಮವರು ಒಂದು ಮನೆಗೆ ಕನ್ನ ಹಾಕುವುದಕ್ಕೆ ಮುಕ್ಕಾಲು ಗಂಟೆ ಯೋಜನೆ ಹಾಕುತ್ತಾ ಕುಳಿತರು. ನಿಯಮದ ಪ್ರಕಾರ ಅದು ಬೇಕಿಲ್ಲ: ನುಗ್ಗುವ ಬಗೆಯನ್ನೂ ಅದರ ಒಂದು ವಿವರವನ್ನೂ ಹೇಳಿ, ದಾಳ ಹಾಕಿ, ನೇರ ಕೆಲಸದ ನಡುವೆಯೇ ಕಥೆ ತೆರೆಯುತ್ತದೆ. ಏನೇನು ಹೊತ್ತು ತಂದಿದ್ದೇವೆ ಎಂಬುದನ್ನೂ ಮೊದಲೇ ಬರೆಯಬೇಕಾಗಿಲ್ಲ. ಹೊರೆ ಹಗುರವೋ ಭಾರವೋ ಎಂದಷ್ಟೇ ಹೇಳಿದರೆ ಸಾಕು. ಹಗ್ಗ ಬೇಕಾದ ಗಳಿಗೆಯಲ್ಲಿ ಹಗ್ಗ ಚೀಲದಿಂದ ಹೊರಬರುತ್ತದೆ. ಹಿತ್ತಲ ಬಾಗಿಲಲ್ಲಿ ಕಾವಲುಗಾರ ಎದುರಾದಾಗ ಒಬ್ಬರು, "ಇವನಿಗೆ ನಿನ್ನೆ ರಾತ್ರಿಯೇ ಹಣ ಕೊಟ್ಟಿದ್ದೆ" ಎಂದರು. ಫ್ಲ್ಯಾಶ್‌ಬ್ಯಾಕ್‌ಗೆ ಆಟದಲ್ಲೇ ಅವಕಾಶವಿದೆ, ಪಾತ್ರ ಅದಕ್ಕೆ ಒಂದಿಷ್ಟು ಒತ್ತಡವನ್ನು ಬೆಲೆಯಾಗಿ ತೆರುತ್ತದೆ, ಅಷ್ಟೇ. ಆ ಕ್ಷಣದಲ್ಲಿ ಎಲ್ಲರಿಗೂ ಆಟ ಅರ್ಥವಾಯಿತು. ನನ್ನ ಮೂರು ಸಂಜೆಗಳ ತಯಾರಿ ಅರ್ಧ ಗಂಟೆಗೆ ಇಳಿಯಿತು.

ಎಚ್ಚರಿಕೆಯ ಮಾತೊಂದಿದೆ. ತಯಾರಿ ಕಡಿಮೆಯಾದರೂ ಆಟದ ಹೊತ್ತಿನಲ್ಲಿ ತಲೆಗೆ ಕೆಲಸ ಹೆಚ್ಚುತ್ತದೆ. 2010ರಲ್ಲಿ ಬಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಮತ್ತು ಅದರಿಂದ ಹುಟ್ಟಿದ ಹತ್ತಾರು ಆಟಗಳಲ್ಲಿ ಎರಡು ದಾಳಗಳ ಮೊತ್ತ ಹತ್ತು ಅಥವಾ ಹೆಚ್ಚು ಬಂದರೆ ಪೂರ್ಣ ಗೆಲುವು, ಆರು ಅಥವಾ ಕಡಿಮೆ ಬಿದ್ದರೆ ಸಂಕಟ, ಏಳರಿಂದ ಒಂಬತ್ತು ಬಿದ್ದರೆ ಗೆಲುವಿನ ಜೊತೆಗೊಂದು ಕುತ್ತು. ಬೇರೆ ಯಾವ ಅಂಕಿಯನ್ನೂ ಕೂಡಿಸದ ಎಸೆತದಲ್ಲಿ ಆ ನಡುವಿನ ಫಲಿತಾಂಶ 36ರಲ್ಲಿ 15 ಬಾರಿ ಬರುತ್ತದೆ. ಅಂದರೆ ಸಂಜೆಯಿಡೀ ಹೊಸ ಹೊಸ ಕುತ್ತುಗಳನ್ನು ಹುಟ್ಟಿಸುತ್ತಲೇ ಇರಬೇಕು. ಹೊಳೆಯದಿದ್ದಾಗ ನಾನು ಆಟಗಾರರನ್ನೇ ಕೇಳುತ್ತೇನೆ: ಇಲ್ಲಿ ಏನು ಕೆಟ್ಟರೆ ನಿಮಗೆ ಭಯ? ಅವರು ಕೊಡುವ ಉತ್ತರ ನನ್ನದಕ್ಕಿಂತ ಕ್ರೂರವಾಗಿರುತ್ತದೆ.

ಗೇಮ್ ಮಾಸ್ಟರ್ ಅಲ್ಲದ, ಆಟಗಾರ್ತಿ

ಮೇಜಿನ ಈ ಕಡೆಯಿಂದ ಒಂದು ಮಾತು ಹೇಳುತ್ತೇನೆ. ನಿಮ್ಮ ಗೆಳೆಯರು "ಮತ್ತೊಂದು ಏಕೆ" ಎನ್ನುವಾಗ ನಿಯಮಗಳಿಗಷ್ಟೇ ಹೆದರಿರುತ್ತಾರೆ ಎಂದುಕೊಳ್ಳಬೇಡಿ. ನಾಲ್ಕು ವರ್ಷ ಜೊತೆಗಿದ್ದ ಪಾತ್ರವನ್ನು ಬಿಟ್ಟು ಬನ್ನಿ ಎಂಬ ಕರೆಯೂ ಅದರಲ್ಲಿ ಕೇಳಿಸುತ್ತದೆ. ನಮ್ಮ ಗೇಮ್ ಮಾಸ್ಟರ್ ಆಟ ಬದಲಿಸೋಣ ಎಂದಾಗ ನಾನು ಸಿಟ್ಟು ಮಾಡಿಕೊಂಡೆ, ಕಾರಣ ಮಾತ್ರ ನನಗೇ ತಿಳಿದಿರಲಿಲ್ಲ. ನನ್ನ ಪಾತ್ರ ತನ್ನ ತಂಗಿಯನ್ನು ಹುಡುಕುತ್ತಿದ್ದಳು. ಆ ತಂಗಿ ಇನ್ನೂ ಸಿಕ್ಕಿರಲಿಲ್ಲ. ಅದು ಅರಿವಾದ ಮೇಲೆ ಅವರು ಆರು ವಾರ ತೆಗೆದುಕೊಂಡು ಕಥೆಯನ್ನು ದಡ ಮುಟ್ಟಿಸಿದರು. ತಂಗಿ ಸಿಕ್ಕಳು. ಮರುವಾರ ನಾನೇ ಹೊಸ ಆಟದ ಹಾಳೆ ಕೇಳಿ ಪಡೆದೆ.

ಇನ್ನೊಂದು ಸಂಗತಿ: ಎಲ್ಲರಿಗೂ "ಕಥೆ ಮುಖ್ಯ, ನಿಯಮ ಕಡಿಮೆ" ಎನ್ನುವ ಆಟವೇ ಹಿಡಿಸುತ್ತದೆ ಎಂದು ಭಾವಿಸುವುದು ಅನ್ಯಾಯ. ನಮ್ಮಲ್ಲೊಬ್ಬರಿಗೆ ಪಾತ್ರವನ್ನು ಲೆವೆಲ್‌ನಿಂದ ಲೆವೆಲ್‌ಗೆ ಕಟ್ಟುವುದೇ ಆನಂದ. ಅಂಥವರನ್ನು ಒಂದು ಪುಟದ ಆಟಕ್ಕೆ ಕೂರಿಸಿದರೆ ಕೈಕಟ್ಟಿದಂತಾಗುತ್ತದೆ. ಅವರಿಗಾಗಿ ಪಾಥ್‌ಫೈಂಡರ್ ಎರಡನೇ ಆವೃತ್ತಿ ಆಡಿದೆವು. ಪ್ರತಿ ಸರದಿಗೆ ಮೂರು ಕ್ರಿಯೆಗಳು. ಓಡಾಟ, ಏಟು, ಗುರಾಣಿ ಎತ್ತುವುದು ಎಲ್ಲವೂ ಅದೇ ಮೂರರ ಲೆಕ್ಕದಲ್ಲಿ. ಬೇಕಾದ ಅಂಕಿಗಿಂತ ಹತ್ತು ಹೆಚ್ಚು ಬಂದರೆ ದೊಡ್ಡ ಗೆಲುವು. ನಿಯಮಗಳನ್ನೆಲ್ಲ ಆರ್ಕೈವ್ಸ್ ಆಫ್ ನೆಥಿಸ್ ತಾಣದಲ್ಲಿ ಉಚಿತವಾಗಿ ಓದಬಹುದು, ಹಾಗಾಗಿ ಹಣ ಸುರಿಯುವ ಮೊದಲೇ ರುಚಿ ನೋಡಲು ಸಾಧ್ಯವಾಯಿತು. ನನಗದು ಭಾರವೆನಿಸಿತು. ಅವರ ಮುಖದ ಗೆಲುವು ನೋಡಿ ನಾಲ್ಕು ತಿಂಗಳು ಸಂತೋಷದಿಂದಲೇ ಆಡಿದೆ.

ಕಾಲ್ ಆಫ್ ಕ್ತುಲ್ಹುವನ್ನೇ ನೆಚ್ಚಿಕೊಂಡವರು

ಯಾವುದಕ್ಕೂ ಹೆದರದ ಪಾತ್ರಗಳು ನಿಮ್ಮ ಕಷ್ಟವಾದರೆ, ಹೆದರಿಕೆಯನ್ನೇ ಆಧಾರವಾಗಿಟ್ಟುಕೊಂಡ ಕಾಲ್ ಆಫ್ ಕ್ತುಲ್ಹು ಆಟ 1981ರಿಂದಲೂ ಇದೆ. ಕೌಶಲಗಳೆಲ್ಲ ಶೇಕಡಾವಾರಿನಲ್ಲಿವೆ. ಗ್ರಂಥಾಲಯದಲ್ಲಿ ಹುಡುಕುವ ಕೌಶಲ 60 ಎಂದಿದ್ದರೆ ನೂರರ ದಾಳದಲ್ಲಿ 60 ಅಥವಾ ಕಡಿಮೆ ಬೀಳಬೇಕು. ಜೀವನದಲ್ಲಿ ಇಂಥ ಆಟ ಆಡಿರದವರಿಗೂ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಉಚಿತ ಕ್ವಿಕ್‌ಸ್ಟಾರ್ಟ್ ಪುಸ್ತಿಕೆ ಇದೆ, ಅದರಲ್ಲೇ ಒಂದು ಹಾಳು ಮನೆಯ ಕಥೆಯೂ ಇದೆ. ಅಷ್ಟು ಸಾಕು ಶುರು ಮಾಡಲು.

ನಮ್ಮ ಮೊದಲ ಸಂಜೆ ಕೆಟ್ಟದಾಗಿ ಮುಗಿಯಿತು. ಡಿ ಅಂಡ್ ಡಿ ವೀರರಂತೆ ಬಾಗಿಲು ಒದ್ದು ನುಗ್ಗಿದೆವು, ಐವರಲ್ಲಿ ಮೂವರು ಸತ್ತರು, ಒಬ್ಬರಿಗೆ ಬುದ್ಧಿ ಕೆಟ್ಟಿತು. ಆಟಗಾರರಿಗೆ ಅದು ಮೋಸವೆನಿಸಿತು, ಅವರದು ತಪ್ಪಲ್ಲ. ಇಲ್ಲಿ ನೀವು ಪತ್ರಕರ್ತರು, ಪ್ರಾಧ್ಯಾಪಕರು. ಹೋರಾಡಿದರೆ ಸಾಯುತ್ತೀರಿ, ತಿಳಿದುಕೊಂಡರೆ ಬದುಕುತ್ತೀರಿ ಎಂದು ಆಟಕ್ಕೆ ಮುಂಚೆಯೇ ಬಾಯಿಬಿಟ್ಟು ಹೇಳಬೇಕಿತ್ತು. ಯಾವುದೇ ಹೊಸ ಆಟಕ್ಕೆ ಹೀಗೆ ಐದು ನಿಮಿಷ ಕೊಡಿ. ಇದರಲ್ಲಿ ಗೆಲುವು ಎಂದರೇನು, ಸೋಲು ಎಷ್ಟು ಹತ್ತಿರ, ಯಾವ ವಿಷಯಗಳು ನಮ್ಮ ಮೇಜಿಗೆ ಬರಬಾರದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಭಯದ ಆಟದಲ್ಲಂತೂ ಆ ಕೊನೆಯದನ್ನು ಬಿಡಲೇಬಾರದು.

ಪತ್ತೇದಾರಿ ಕಥೆ ನಡೆಸುವವರಿಗೆ ಇನ್ನೊಂದು ಕುಣಿಕೆ ಕಾದಿರುತ್ತದೆ. ಸುಳಿವು ಹುಡುಕಲು ದಾಳ ಹಾಕಿ ಎಲ್ಲರೂ ಸೋತರೆ ಕಥೆ ಅಲ್ಲೇ ನಿಂತುಬಿಡುತ್ತದೆ. ಟ್ರೇಲ್ ಆಫ್ ಕ್ತುಲ್ಹು ಎಂಬ ಇನ್ನೊಂದು ಆಟ ಇದಕ್ಕೆ ಸರಳ ಉತ್ತರ ಕೊಟ್ಟಿತು: ತಕ್ಕ ಕೌಶಲವಿರುವ ಪಾತ್ರ ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ. ಆ ನಿಯಮವೊಂದನ್ನು ನಾನು ಎಲ್ಲ ಆಟಗಳಿಗೂ ಹೊತ್ತುಕೊಂಡು ಹೋಗಿದ್ದೇನೆ.

ಬೇರೆ ಅಭಿಪ್ರಾಯದವರು

ಅಷ್ಟು ದೂರ ಹೋಗುವುದೇಕೆ? ಕೇಳಿದವರಿಗೆ ಗುಹೆ, ನಿಧಿ, ರಾಕ್ಷಸರ ಮೇಲೆ ಬೇಸರವಾಗಿದೆಯೋ, ಹನ್ನೊಂದನೇ ಲೆವೆಲ್‌ನ ಕಾಳಗದ ಮೇಲೋ? ಎರಡನೆಯದಾದರೆ ಕೇರ್ನ್ ನೋಡಿ. ಅದು ಉಚಿತ. ಅದರಲ್ಲಿ ಕ್ಲಾಸ್ (ಪಾತ್ರದ ವರ್ಗ) ಇಲ್ಲ, ಲೆವೆಲ್ ಇಲ್ಲ. ನೀವು ಹೊತ್ತ ಸಾಮಾನೇ ನಿಮ್ಮನ್ನು ರೂಪಿಸುತ್ತದೆ, ಅದಕ್ಕೂ ಹತ್ತೇ ಜಾಗ. ಏಟು ತಗಲಿತೇ ಇಲ್ಲವೇ ಎಂದು ದಾಳ ಹಾಕುವುದಿಲ್ಲ, ನೇರ ಪೆಟ್ಟಿನ ದಾಳ. ನಮ್ಮಲ್ಲಿ ದೊಡ್ಡ ಜಗಳವೂ ಕಾಲು ಗಂಟೆ ದಾಟಿದ್ದಿಲ್ಲ. ಬೀಸಿದ ಕತ್ತಿ ತಗಲಿಯೇ ತೀರುತ್ತದೆ ಎಂದು ಗೊತ್ತಾದ ಮೇಲೆ ಜನ ಮಾತುಕತೆ, ಬಲೆ, ಓಟ ಎಲ್ಲವನ್ನೂ ಯೋಚಿಸುತ್ತಾರೆ.

ಇಪ್ಪತ್ತು ಮುಖದ ದಾಳ ಬಿಡಲು ಮನಸ್ಸಿಲ್ಲದಿದ್ದರೆ 2023ರ ಶ್ಯಾಡೋಡಾರ್ಕ್ ಇದೆ. ಐದನೇ ಆವೃತ್ತಿ ಬಲ್ಲವರಿಗೆ ಅದರ ಬಹುಪಾಲು ಮೊದಲೇ ಗೊತ್ತಿರುತ್ತದೆ. ಅದರಲ್ಲಿ ಪಂಜು ನಿಜವಾದ ಒಂದು ಗಂಟೆ ಮಾತ್ರ ಉರಿಯುತ್ತದೆ. ಮೇಜಿನ ಮೇಲೆ ಗಡಿಯಾರವಿಟ್ಟು ಆಡಿ ನೋಡಿ, ಯಾರೂ ಮೊಬೈಲ್ ಮುಟ್ಟುವುದಿಲ್ಲ.

ಗುಂಪೇ ಇಲ್ಲದವರು

ಗೆಳೆಯರು ಒಪ್ಪುವವರೆಗೆ ಕಾಯಬೇಕಾಗಿಲ್ಲ. ಐರನ್‌ಸ್ವಾರ್ನ್ ಉಚಿತವಾಗಿ ಸಿಗುತ್ತದೆ, ಒಬ್ಬರೇ ಆಡಬಹುದು. ಒಂದು ಆರು ಮುಖದ ದಾಳ, ಎದುರಿಗೆ ಎರಡು ಹತ್ತು ಮುಖದ ದಾಳ; ಎರಡನ್ನೂ ಮೀರಿದರೆ ಪೂರ್ಣ ಗೆಲುವು, ಒಂದನ್ನು ಮೀರಿದರೆ ಅರ್ಧ. ಮುಂದೇನಾಯಿತು ಎಂಬ ಪ್ರಶ್ನೆಗೆ ಪುಸ್ತಕದ ಕೋಷ್ಟಕಗಳು ಉತ್ತರ ಕೊಡುತ್ತವೆ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂದು ಚಳಿಗಾಲವಿಡೀ ಆಡಿದೆ. ನಡುವಿನ ಫಲಿತಾಂಶಗಳನ್ನು ನಿಭಾಯಿಸುವುದನ್ನು, ಯಾರೂ ನೋಡದ ಹೊತ್ತಿನಲ್ಲಿ, ಇದರಲ್ಲೇ ಕಲಿತೆ.

ಕೇಳಿದವರು, ಏಳು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಪಾತ್ರ ಬಿಟ್ಟು ಬರುವ ನೋವಿನ ಬಗ್ಗೆ ಬರೆದಿದ್ದನ್ನು ಓದಿ, ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಇಬ್ಬರಿಗೆ ಮುಗಿಯದ ಕಥೆಗಳಿದ್ದವು, ಅದು ನನ್ನ ಟಿಪ್ಪಣಿಯಲ್ಲೇ ಇರಲಿಲ್ಲ. ಅವನ್ನು ಮುಗಿಸಲು ನಾಲ್ಕು ವಾರ ಹಿಡಿಯಿತು. ಆ ನಾಲ್ಕೂ ಸಂಜೆಗಳು ಚೆನ್ನಾಗಿದ್ದವು, ಕಾಳಗ ಎರಡೇ.

ಆಮೇಲೆ ಲೇಸರ್ಸ್ ಅಂಡ್ ಫೀಲಿಂಗ್ಸ್ ಒಂದು ಸಂಜೆ, ಕೇರ್ನ್ ಎರಡು ಸಂಜೆ. ಮೊದಲನೆಯದು ಅಷ್ಟಾಗಿ ಹತ್ತಲಿಲ್ಲ. ಇಬ್ಬರು ಏನು ಹೇಳಬೇಕೆಂದು ತೋಚದೆ ಸುಮ್ಮನೆ ಕುಳಿತರು. ಕೇರ್ನ್‌ನಲ್ಲಿ ಹತ್ತು ಜಾಗದ ಚೀಲ ನಮ್ಮವರನ್ನು ಹಿಡಿದುಕೊಂಡಿತು. ನಿಧಿಯ ಪೆಟ್ಟಿಗೆ ಹೊರಲು ಹಗ್ಗ ಎಸೆಯಬೇಕೋ ಪಂಜು ಎಸೆಯಬೇಕೋ ಎಂದು ಬಾವಿಯ ಬಾಯಲ್ಲಿ ನಿಂತು ಹತ್ತು ನಿಮಿಷ ವಾದ ಮಾಡಿದರು. ಪಂಜು ಎಸೆದರು. ಆಮೇಲಿನದೆಲ್ಲ ಕತ್ತಲಲ್ಲೇ ನಡೆಯಿತು.

"ಮತ್ತೊಂದು ಏಕೆ" ಎಂದು ಮೊದಲು ಕೇಳಿದ್ದ ಗೆಳೆಯ ನಿನ್ನೆ ಕರೆ ಮಾಡಿ, ಕಾಲ್ ಆಫ್ ಕ್ತುಲ್ಹುವಿನ ಆ ಹಾಳು ಮನೆಯ ಕಥೆಯನ್ನು ತಾನು ನಡೆಸಿದರೆ ಆಗುತ್ತದೆಯೇ ಎಂದು ಕೇಳಿದ. ಆಗುತ್ತದೆ ಎಂದೆ. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ನನಗೊಂದು ಪಾತ್ರ ಬೇಕಾಗಿದೆ. ಪತ್ರಿಕೆಯೊಂದರ ಛಾಯಾಗ್ರಾಹಕಿಯನ್ನು ಮಾಡಿಕೊಂಡಿದ್ದೇನೆ, ಗ್ರಂಥಾಲಯದ ಕೌಶಲಕ್ಕೆ 65 ಕೊಟ್ಟಿದ್ದೇನೆ. ಹೆಸರು ಇನ್ನೂ ಇಟ್ಟಿಲ್ಲ.