ಬೇರೆ ದೇಶಕ್ಕೆ ಬಂದು ನೆಲೆಸಿದವರ ರಕ್ತದಾನ: ‘3 ವರ್ಷ ಕಾಯಿರಿ’ ಅನ್ನುವುದು ಯಾಕೆ?

ಮಳೆಬಿಲ್ಲು ಕೇಳಿದ್ದು:

ಮಲೇರಿಯಾ ಇರುವ ದೇಶದಲ್ಲಿ ಹುಟ್ಟಿ ಬೆಳೆದವಳು ನಾನು. ಅಲ್ಲಿ ಹಲವು ಸಲ ರಕ್ತ ಕೊಟ್ಟಿದ್ದೇನೆ. ಅಮೆರಿಕಕ್ಕೆ ಬಂದು 14 ತಿಂಗಳಾಯಿತು. ಇಲ್ಲಿನ ರಕ್ತದಾನ ಕೇಂದ್ರದಲ್ಲಿ ಬಿಪಿ, ಹಿಮೋಗ್ಲೋಬಿನ್ ಎಲ್ಲ ಸರಿಯಿದೆ ಅಂದರು. ಈ ಮುಂಚೆ ಎಲ್ಲಿದ್ದಿರಿ ಅನ್ನುವ ಪ್ರಶ್ನೆಗೆ ಬಂದಾಗ ಮಾತ್ರ ‘3 ವರ್ಷ ತುಂಬಿದ ಮೇಲೆ ಬನ್ನಿ’ ಅಂತ ವಾಪಸ್ ಕಳಿಸಿದರು. ನನಗೆ ಮಲೇರಿಯಾ ಯಾವತ್ತೂ ಬಂದಿಲ್ಲ. ಡಿಸೆಂಬರ್‌ನಲ್ಲಿ ಎರಡು ವಾರ ಊರಿಗೆ ಹೋಗಬೇಕು ಅಂತಿದ್ದೇನೆ. ಹೋಗಿ ಬಂದರೆ ಲೆಕ್ಕ ಮತ್ತೆ ಮೊದಲಿಂದ ಶುರುವೇ? ಮುಂದಿನ ವರ್ಷ ಕೆಲಸದ ಮೇಲೆ ಬ್ರಿಟನ್‌ಗೆ ಹೋಗುವ ಸಾಧ್ಯತೆಯೂ ಇದೆ. ಅಲ್ಲಿಯೂ ಇದೇ ನಿಯಮವೇ? ಅಲ್ಲಿಗೆ ಹೋಗಿಬಂದವರು ಅಮೆರಿಕದಲ್ಲಿ ಮತ್ತೆಂದೂ ರಕ್ತ ಕೊಡುವ ಹಾಗಿಲ್ಲ ಅಂತಲೂ ಎಲ್ಲೋ ಓದಿದೆ.

ಕೆಂಪುಹನಿ:

‘ಮಲೇರಿಯಾ ಬಂದಿಲ್ಲ’ ಅನ್ನುವ ನಿಮ್ಮ ಮಾತನ್ನು ಅವರು ನಂಬದೆ ಕಳಿಸಿದ್ದಲ್ಲ. ಮಲೇರಿಯಾ ಇರುವ ಕಡೆ ಬಹಳ ವರ್ಷ ಬೆಳೆದವರಿಗೆ ಮತ್ತೆ ಮತ್ತೆ ಸೋಂಕು ತಗಲಿ ಅರ್ಧಂಬರ್ಧ ರೋಗನಿರೋಧಕ ಶಕ್ತಿ ಬಂದಿರುತ್ತದೆ. ರಕ್ತದಲ್ಲಿ ಪರೋಪಜೀವಿ ತೀರಾ ಕಡಿಮೆ ಸಂಖ್ಯೆಯಲ್ಲಿ ಉಳಿದುಕೊಂಡರೂ ಜ್ವರ, ಚಳಿ ಏನೂ ಕಾಣಿಸುವುದಿಲ್ಲ. ಪ್ಲಾಸ್ಮೋಡಿಯಂ ಮಲೇರಿಯೆ ಅನ್ನುವ ಜಾತಿಯಂತೂ ದಶಕಗಟ್ಟಲೆ ಹೀಗೆ ಸದ್ದಿಲ್ಲದೆ ಇರಬಲ್ಲದು. ಇದು ಇರುವುದು ಕೆಂಪು ರಕ್ತಕಣದ ಒಳಗೆ. ಚೀಲದ ರಕ್ತವನ್ನು ಫ್ರಿಜ್‌ನಲ್ಲಿ ಇಟ್ಟ ಮಾತ್ರಕ್ಕೆ ಸಾಯುವುದಿಲ್ಲ, ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಆ ರಕ್ತ ಹೋಗುವುದು ಮಲೇರಿಯಾ ಕಂಡೇ ಇರದ ಒಬ್ಬ ರೋಗಿಗೆ, ಬಹಳ ಸಲ ಆಗ ತಾನೇ ಶಸ್ತ್ರಚಿಕಿತ್ಸೆಯೋ ಕೀಮೋಥೆರಪಿಯೋ ಆದವರಿಗೆ. ಅಲ್ಲಿನ ವೈದ್ಯರಿಗೆ ಆ ಜ್ವರ ನೋಡಿ ಮಲೇರಿಯಾ ಅಂತ ಹೊಳೆಯುವುದೂ ತಡ.

ಇನ್ನು ಅಮೆರಿಕದ ಲೆಕ್ಕ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡು ಬಗೆಯ ಜನರನ್ನು ಬೇರೆ ಬೇರೆಯಾಗಿ ನೋಡುತ್ತದೆ.

ಮಲೇರಿಯಾ ಪ್ರದೇಶಕ್ಕೆ ಹೋಗಿ ಬಂದ ಪ್ರವಾಸಿ 3 ತಿಂಗಳು ಕಾಯಬೇಕು. 2020ರ ಏಪ್ರಿಲ್‌ಗೆ ಮುಂಚೆ ಇದು 12 ತಿಂಗಳಿತ್ತು, ಹಳೆಯ ಪುಟಗಳಲ್ಲಿ ‘ಒಂದು ವರ್ಷ’ ಅಂತ ಕಂಡರೆ ಅದೇ ಕಾರಣ. 24 ಗಂಟೆಯೊಳಗೆ ಹಾದುಹೋದದ್ದು ಲೆಕ್ಕಕ್ಕಿಲ್ಲ.

ಮಲೇರಿಯಾ ಇರುವ ದೇಶದಲ್ಲಿ ಸತತ 5 ವರ್ಷಕ್ಕಿಂತ ಹೆಚ್ಚು ವಾಸವಿದ್ದವರು ‘ಹಿಂದಿನ ನಿವಾಸಿ’. ಇವರಿಗೆ ದೇಶ ಬಿಟ್ಟ ದಿನದಿಂದ 3 ವರ್ಷ. ಇಲ್ಲಿ ನೀವಿದ್ದ ಊರಿನಲ್ಲಿ ಸೊಳ್ಳೆಕಾಟ ಇತ್ತೋ ಇಲ್ಲವೋ ಯಾರೂ ಕೇಳುವುದಿಲ್ಲ. ದೇಶದ ಯಾವುದೋ ಒಂದು ಮೂಲೆಯಲ್ಲಿ ಮಲೇರಿಯಾ ಇದ್ದರೂ ಇಡೀ ದೇಶ ಲೆಕ್ಕಕ್ಕೆ ಬರುತ್ತದೆ. ನೀವು ಬಿದ್ದಿರುವುದು ಈ ಗುಂಪಿಗೆ.

ಈಗ ಡಿಸೆಂಬರ್ ಪ್ರಯಾಣ. 3 ವರ್ಷ ಒಂದೇ ಸಮನೆ ತುಂಬುವ ಮುಂಚೆ ಮಲೇರಿಯಾ ಪ್ರದೇಶಕ್ಕೆ ಹೋಗಿ ಬಂದರೆ, ವಾಪಸ್ ಬಂದ ದಿನದಿಂದ ಮತ್ತೆ 3 ವರ್ಷ. ತುಂಬಿದ ಮೇಲೆ ಹೋದರೆ ನೀವೂ ಪ್ರವಾಸಿಯ ಲೆಕ್ಕಕ್ಕೇ ಬರುತ್ತೀರಿ, ಬರೀ 3 ತಿಂಗಳು. ಅಂದರೆ 2 ವರ್ಷ 11 ತಿಂಗಳಿಗೆ ಹೋದವರು ಇನ್ನೂ 3 ವರ್ಷ ಕಳೆದುಕೊಳ್ಳುತ್ತಾರೆ, 3 ವರ್ಷ 1 ತಿಂಗಳಿಗೆ ಹೋದವರು 3 ತಿಂಗಳು ಮಾತ್ರ. ಎರಡು ವರ್ಷಕ್ಕೊಮ್ಮೆ ತವರಿಗೆ ಹೋಗುವವರು ಎಷ್ಟೋ ಮಂದಿ ಹತ್ತು ವರ್ಷವಾದರೂ ಅರ್ಹರಾಗದಿರುವುದು ಹೀಗೆಯೇ. ಇದನ್ನು ಕೌಂಟರ್‌ನಲ್ಲಿ ಬಿಡಿಸಿ ಹೇಳುವವರು ಕಡಿಮೆ. ಮೊದಲ ದಿನವೇ ಹೇಳಿದ್ದರೆ ಎಷ್ಟೋ ಜನ ಪ್ರಯಾಣವನ್ನು ಒಂದೆರಡು ತಿಂಗಳು ಆಚೀಚೆ ಮಾಡಿಕೊಳ್ಳುತ್ತಿದ್ದರು ಅನ್ನಿಸುತ್ತದೆ. ಹಾಗಂತ ರಕ್ತದಾನಕ್ಕಾಗಿ ಅಪ್ಪ ಅಮ್ಮನನ್ನು ನೋಡುವುದನ್ನು ಮುಂದೂಡಬೇಡಿ.

ನಿಜವಾಗಿ ಮಲೇರಿಯಾ ಬಂದಿದ್ದವರ ಲೆಕ್ಕ ಬೇರೆ: ಅಮೆರಿಕದ ನಿಯಮದಂತೆ, ಚಿಕಿತ್ಸೆ ಮುಗಿದು ಲಕ್ಷಣವಿಲ್ಲದೆ 3 ವರ್ಷ ಕಳೆಯಬೇಕು.

ದಾರಿಹೋಕ:

ಬ್ರಿಟನ್ ಬಗ್ಗೆ. ಅಲ್ಲಿ 5 ವರ್ಷದ ಗೆರೆಯಿಲ್ಲ. ಜೀವನದಲ್ಲಿ ಯಾವಾಗಲಾದರೂ ಸತತ 6 ತಿಂಗಳು ಮಲೇರಿಯಾ ಪ್ರದೇಶದಲ್ಲಿ ವಾಸವಿದ್ದರೆ ನಿವಾಸಿ ಅಂತಲೇ ಲೆಕ್ಕ. ಆದರೆ ಸುಮ್ಮನೆ ವರ್ಷಗಟ್ಟಲೆ ಕಾಯಿಸುವ ಬದಲು ಅಲ್ಲಿ ಪ್ರತಿಕಾಯ (ಸೋಂಕಿನ ವಿರುದ್ಧ ಮೈ ತಯಾರಿಸುವ ಆಂಟಿಬಾಡಿ) ಪರೀಕ್ಷೆ ಮಾಡುತ್ತಾರೆ. ಮಲೇರಿಯಾ ಪ್ರದೇಶದಿಂದ ಕೊನೆಯ ಸಲ ಹೊರಬಂದು 4 ತಿಂಗಳಾಗಿರಬೇಕು. ಇತ್ತೀಚೆಗೆ ಸೋಂಕು ತಗಲಿದ್ದರೆ ಪ್ರತಿಕಾಯ ಮೂಡಿ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಅಷ್ಟು ಸಮಯ ಬೇಕು. ಹಾಗಾಗಿ ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಬಂದರೂ, ಮುಂದಿನ ವರ್ಷ ಬ್ರಿಟನ್‌ನಲ್ಲಿ ನಿಮಗೆ ಮೇ ಹೊತ್ತಿಗೆ ದಾರಿ ತೆರೆಯಬಹುದು. ಅಮೆರಿಕದ 3 ವರ್ಷ ಅಲ್ಲಿಗೆ ನಿಮ್ಮ ಹಿಂದೆ ಬರುವುದಿಲ್ಲ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ‘ಮಲೇರಿಯಾ ದೇಶದಲ್ಲಿ ಬೆಳೆದವಳು’ ಅಂತ ಹೇಳಿಬಿಡಿ. ಪರೀಕ್ಷೆಗೆ ಬೇರೆಯಾಗಿ ಮಾದರಿ ತೆಗೆಯಬೇಕು ಅನ್ನುವುದು ಅವರಿಗೆ ಮುಂಚೆ ಗೊತ್ತಿರಬೇಕು. ಪರೀಕ್ಷೆ ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ. ಅದು ತೋರಿಸುವುದು ಹಿಂದೆ ಯಾವಾಗಲೋ ಸೋಂಕು ತಗಲಿತ್ತು ಅನ್ನುವುದನ್ನು. ಪ್ರತಿಕಾಯ ವರ್ಷಗಟ್ಟಲೆ ಉಳಿಯುತ್ತದೆ, ಈಗ ಕಾಯಿಲೆ ಇದೆ ಅಂತಲ್ಲ.

ಇನ್ನೊಂದು ವಿಷಯ. ಅಮೆರಿಕದಿಂದ ಬ್ರಿಟನ್‌ಗೆ ಬೇಸಿಗೆಯಲ್ಲೋ ಅದರ ಮರುತಿಂಗಳುಗಳಲ್ಲೋ ಹೋದರೆ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ಕಾರಣಕ್ಕೆ 28 ದಿನ ಕಾಯಿಸಬಹುದು, ಇಲ್ಲವೇ ಅದಕ್ಕೂ ಪರೀಕ್ಷೆ ಮಾಡಬಹುದು.

‘ಬ್ರಿಟನ್‌ಗೆ ಹೋದವರು ಮತ್ತೆಂದೂ ಕೊಡುವ ಹಾಗಿಲ್ಲ’ ಅನ್ನುವುದು ಹುಚ್ಚುದನದ ರೋಗದ (ಮ್ಯಾಡ್ ಕೌ, ದನದಿಂದ ಜನರಿಗೂ ಹರಡಿದ ಮಿದುಳಿನ ಕಾಯಿಲೆ) ಕಾಲದ ನಿಯಮ. 1980ರಿಂದ 1996ರ ನಡುವೆ ಒಟ್ಟು 3 ತಿಂಗಳು ಬ್ರಿಟನ್‌ನಲ್ಲಿದ್ದವರನ್ನು ಅಮೆರಿಕ ಬಿಡುತ್ತಿರಲಿಲ್ಲ. ಈಗ ಹೋಗುವವರಿಗೆ ಅದು ಯಾವತ್ತೂ ಅನ್ವಯಿಸುತ್ತಿರಲಿಲ್ಲ. ಆ ವರ್ಷಗಳಲ್ಲಿದ್ದವರಿಗೂ 2022ರಲ್ಲಿ ಎಫ್‌ಡಿಎ ಅದನ್ನು ತೆಗೆದುಹಾಕಿತು. ಆಸ್ಟ್ರೇಲಿಯಾ ಅದೇ ವರ್ಷ ಜುಲೈನಲ್ಲಿ ತೆಗೆಯಿತು, ಕೆನಡಾ 2023ರಲ್ಲಿ. ಆದರೆ ಬ್ರಿಟನ್ ಒಳಗೆ ಅದರ ನೆರಳು ಇನ್ನೂ ಇದೆ: 1980ರಿಂದೀಚೆಗೆ ರಕ್ತ ಹಾಕಿಸಿಕೊಂಡವರಿಂದ ಅಲ್ಲಿ ರಕ್ತ ತೆಗೆದುಕೊಳ್ಳುವುದಿಲ್ಲ, ಯಾವ ದೇಶದಲ್ಲಿ ಹಾಕಿಸಿಕೊಂಡಿದ್ದರೂ ಅಷ್ಟೇ. ಹೆರಿಗೆಯಲ್ಲಿ ಒಂದೇ ಬಾಟಲಿ ಹಾಕಿದ್ದರೂ ಹೇಳಬೇಕು.

ಸೂಕ್ಷ್ಮದರ್ಶಕ:

ಮೇಲಿನದಕ್ಕೆ ಸೇರಿಸುತ್ತೇನೆ. ಐರೋಪ್ಯ ಒಕ್ಕೂಟದ 2004ರ ನಿರ್ದೇಶನದಲ್ಲಿ ಗೆರೆ ಇನ್ನೊಂದು ಕಡೆ ಇದೆ. ಹುಟ್ಟಿದ ಮೊದಲ 5 ವರ್ಷ ಮಲೇರಿಯಾ ಪ್ರದೇಶದಲ್ಲಿ ಕಳೆದವರಿಗೆ ಕೊನೆಯ ಭೇಟಿಯಿಂದ 3 ವರ್ಷ, ಪರೀಕ್ಷೆ ನೆಗೆಟಿವ್ ಇದ್ದರೆ 4 ತಿಂಗಳು. ಬರೀ ಪ್ರವಾಸಿಗೆ 6 ತಿಂಗಳು. ಅಲ್ಲಿದ್ದಾಗಲೋ ಬಂದು 6 ತಿಂಗಳೊಳಗೋ ಕಾರಣ ಗೊತ್ತಾಗದ ಜ್ವರ ಬಂದಿದ್ದರೆ ಪ್ರವಾಸಿಗೂ 3 ವರ್ಷ, ಪರೀಕ್ಷೆ ನೆಗೆಟಿವ್ ಬಂದರೆ ಇದೂ 4 ತಿಂಗಳಿಗೆ ಇಳಿಯಬಹುದು. ಒಂದೊಂದು ದೇಶ ಇದಕ್ಕಿಂತ ಬಿಗಿಯಾಗಿಯೂ ಇರಬಹುದು. 2027ರ ಆಗಸ್ಟ್‌ನಿಂದ ಹೊಸ ನಿಯಮಾವಳಿ ಜಾರಿಗೆ ಬರುವುದರಿಂದ ಆಗ ಮತ್ತೊಮ್ಮೆ ನೋಡಿಕೊಳ್ಳಿ.

ಆದರೆ ನಾನು ಬರೆಯಲು ಕೂತದ್ದು ಮಲೇರಿಯಾ ಬಗ್ಗೆ ಅಲ್ಲ. ವಲಸೆ ಬಂದವರಿಗೆ ಇದಕ್ಕಿಂತ ಹೆಚ್ಚು ನೋವು ಕೊಡುವುದು ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಬಗ್ಗೆ ರಕ್ತದಾನ ಕೇಂದ್ರ ಕಳಿಸುವ ಪತ್ರ.

ಅನೇಕ ದೇಶಗಳಲ್ಲಿ ದಾನಿಯ ರಕ್ತಕ್ಕೆ ಮಾಡುವುದು ಮೇಲ್ಮೈ ಪ್ರತಿಜನಕದ (ವೈರಸ್‌ನ ಹೊರಪದರದ ಅಂಶದ) ಪರೀಕ್ಷೆ, ಅಂದರೆ ಎಚ್‌ಬಿಎಸ್‌ಎಜಿ. ವೈರಸ್ ಈಗ ಮೈಯಲ್ಲಿದೆಯೇ ಅಂತ ಅದು ನೋಡುತ್ತದೆ. ಅಮೆರಿಕ, ಕೆನಡಾ, 2022ರಿಂದ ಬ್ರಿಟನ್ ಕೂಡ, ಇದರ ಜೊತೆಗೆ ಆಂಟಿ-ಎಚ್‌ಬಿಸಿ ಅನ್ನುವ ಇನ್ನೊಂದು ಪರೀಕ್ಷೆ ಮಾಡುತ್ತವೆ. ಅದು ಹಿಂದೆ ಎಂದಾದರೂ ವೈರಸ್ ತಗಲಿತ್ತೇ ಅಂತ ನೋಡುತ್ತದೆ. ಮಗುವಾಗಿದ್ದಾಗ ಸೋಂಕು ತಗಲಿ, ಮೈ ಅದನ್ನು ಗೆದ್ದು, ಗೊತ್ತೇ ಆಗದೆ ಬದುಕಿದವರು ಬಹಳ. ಅವರು ತವರಿನಲ್ಲಿ ಇಪ್ಪತ್ತು ಸಲ ಕೊಟ್ಟಿದ್ದರೂ ಪ್ರತಿಸಲ ‘ನೆಗೆಟಿವ್’. ಹೊಸ ದೇಶದಲ್ಲಿ ಮೊದಲ ಸಲ ಕೊಟ್ಟ ಮೇಲೆ ಮನೆಗೆ ಲಕೋಟೆ ಬರುತ್ತದೆ: ‘ಆಂಟಿ-ಎಚ್‌ಬಿಸಿ ರಿಯಾಕ್ಟಿವ್’, ಅಂದರೆ ಆ ಪರೀಕ್ಷೆ ಪಾಸಿಟಿವ್. ಓದಿದವರಿಗೆ ಎದೆ ಧಸಕ್ಕೆನ್ನುತ್ತದೆ.

ಆ ಪತ್ರ ಬಂದರೆ ಮೂರು ಸಾಲು ಹುಡುಕಿ. ಎಚ್‌ಬಿಎಸ್‌ಎಜಿ ಏನಿದೆ, ಎಚ್‌ಬಿವಿ ಡಿಎನ್‌ಎ (ಆ ವೈರಸ್‌ನದೇ ಡಿಎನ್‌ಎ) ಏನಿದೆ, ಆಂಟಿ-ಎಚ್‌ಬಿಸಿ ಏನಿದೆ. ಮೊದಲೆರಡು ನೆಗೆಟಿವ್ ಇದ್ದು ಮೂರನೆಯದು ಮಾತ್ರ ರಿಯಾಕ್ಟಿವ್ ಆಗಿದ್ದರೆ, ಬಹುತೇಕ ಹಳೆಯ ಸೋಂಕು ವಾಸಿಯಾಗಿದೆ ಅಂತ, ಇಲ್ಲವೇ ಪರೀಕ್ಷೆಯೇ ಸುಳ್ಳು ಹೇಳಿದೆ ಅಂತ. ಪತ್ರವನ್ನು ವೈದ್ಯರ ಬಳಿ ಒಯ್ದು ಆಂಟಿ-ಎಚ್‌ಬಿಎಸ್ (ಮೇಲ್ಮೈ ಪ್ರತಿಜನಕದ ವಿರುದ್ಧದ ಪ್ರತಿಕಾಯ) ಪರೀಕ್ಷೆ ಕೂಡ ಮಾಡಿಸಿ. ಅದೂ ಪಾಸಿಟಿವ್ ಇದ್ದರೆ ವಾಸಿಯಾದ ಸೋಂಕು ಅನ್ನುವುದು ಗಟ್ಟಿಯಾಗುತ್ತದೆ. ಮುಂದೆ ಕ್ಯಾನ್ಸರ್‌ಗೋ ಸಂಧಿವಾತಕ್ಕೋ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳಬೇಕಾಗಿ ಬಂದರೆ ಈ ಫಲಿತಾಂಶವನ್ನು ವೈದ್ಯರಿಗೆ ಖಂಡಿತ ತೋರಿಸಿ. ಯಕೃತ್ತಿನಲ್ಲಿ ಅಡಗಿರುವ ವೈರಸ್ ಆಗ ಮತ್ತೆ ಏಳಬಹುದು. ದಯವಿಟ್ಟು ಪತ್ರವನ್ನು ಹರಿದು ಹಾಕಬೇಡಿ.

ಅಮೆರಿಕದಲ್ಲಿ ಒಂದಕ್ಕಿಂತ ಹೆಚ್ಚು ದಾನದಲ್ಲಿ ಇದು ರಿಯಾಕ್ಟಿವ್ ಬಂದರೆ ಮುಂದೆ ದಾನ ನಿಲ್ಲುತ್ತದೆ.

ಕೆಂಪುಹನಿ:

ಲಸಿಕೆ ವಿಷಯ ಬಿಟ್ಟೇ ಹೋಗಿತ್ತು. ವಲಸೆಗೆ ವೈದ್ಯಕೀಯ ತಪಾಸಣೆ ಮಾಡಿಸುವಾಗ ಒಂದೇ ದಿನ ಮೂರು ನಾಲ್ಕು ಚುಚ್ಚಿರುತ್ತಾರೆ. ಯಾವುದು ಅಂತ ಕೇಳಿದರೆ ಹೇಳಲು ಬಾರದೆ ವಾಪಸ್ ಹೋಗುವವರೇ ಜಾಸ್ತಿ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆ ಮತ್ತು ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಲಸಿಕೆ ಎರಡರಲ್ಲೂ ಇರುವುದು ಜೀವಂತ ವೈರಸ್, ಶಕ್ತಿ ಕುಂದಿಸಿದ್ದು. ಅದಕ್ಕೆ 4 ವಾರ. ಟೆಟನಸ್, ಫ್ಲೂ ಚುಚ್ಚುಮದ್ದಿಗೆ ಮೈ ಸರಿಯಿದ್ದರೆ ಸಾಮಾನ್ಯವಾಗಿ ಕಾಯಬೇಕಿಲ್ಲ. ಹೆಪಟೈಟಿಸ್ ಬಿ ಲಸಿಕೆಯಲ್ಲಿ ಇರುವುದೇ ಆ ಮೇಲ್ಮೈ ಪ್ರತಿಜನಕ. ಚುಚ್ಚಿದ ಕೆಲವು ದಿನ ರಕ್ತದಲ್ಲಿ ಓಡಾಡಿ ಪರೀಕ್ಷೆಯನ್ನು ಸುಳ್ಳು ಪಾಸಿಟಿವ್ ಮಾಡಿಬಿಡುತ್ತದೆ. ಅಮೆರಿಕದ ರೆಡ್ ಕ್ರಾಸ್ ಇದಕ್ಕೆ 21 ದಿನ ಕಾಯಿಸುತ್ತದೆ. ಲಸಿಕೆ ಚೀಟಿಯ ಫೋಟೋ ಮೊಬೈಲ್‌ನಲ್ಲಿ ಇರಲಿ.

ಮಳೆಬಿಲ್ಲು:

ಎಲ್ಲರಿಗೂ ತುಂಬಾ ಧನ್ಯವಾದ. 3 ವರ್ಷ ತುಂಬುವ ತನಕ ಏನೂ ಕೊಡುವ ಹಾಗೇ ಇಲ್ಲವೇ? ನನ್ನ ತೂಕ 48 ಕೆಜಿ, ತವರಿನಲ್ಲಿ 350 ಮಿಲಿ ತೆಗೆಯುತ್ತಿದ್ದರು. ಇಲ್ಲಿ ಅದನ್ನು ಯಾರೂ ಕೇಳಲಿಲ್ಲ.

ದಾರಿಹೋಕ:

ಮೇಡಂ, ತೂಕ ಮುಖ್ಯ. ಭಾರತದಂಥ ಕಡೆ 45 ಕೆಜಿಯವರಿಂದ 350 ಮಿಲಿ ತೆಗೆಯುವ ಚೀಲ ಇದೆ. ಅಮೆರಿಕದಲ್ಲಿ ಕನಿಷ್ಠ 110 ಪೌಂಡ್, ಅಂದರೆ ಸುಮಾರು 50 ಕೆಜಿ. ಚೀಲವೂ ದೊಡ್ಡದು, ಹೆಚ್ಚುಕಡಿಮೆ 500 ಮಿಲಿ. ಬ್ರಿಟನ್‌ನಲ್ಲಿ 470 ಮಿಲಿ, ತೂಕ 50 ಕೆಜಿಯೇ. ಚೀಲದಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿದ ದ್ರಾವಣ ಇಂತಿಷ್ಟು ರಕ್ತಕ್ಕೆ ಅಂತ ಅಳತೆ ಮಾಡಿರುತ್ತದೆ, ಅರ್ಧಕ್ಕೆ ನಿಲ್ಲಿಸಿ ಹೊಂದಿಸುವುದಕ್ಕೆ ಆಗುವುದಿಲ್ಲ. ತೂಕ ಕಡಿಮೆಯಿದ್ದವರಿಗೆ ತಲೆಸುತ್ತು ಬಂದು ಬೀಳುವ ಸಂಭವವೂ ಹೆಚ್ಚು. ಕಲ್ಲು ಜೇಬಿಗೆ ಹಾಕಿಕೊಂಡು ತೂಕಕ್ಕೆ ನಿಲ್ಲುವ ಕೆಲಸ ಬೇಡ.

ಹಿಮೋಗ್ಲೋಬಿನ್ ಗೆರೆಯೂ ಒಂದೇ ಅಲ್ಲ. ಹೆಂಗಸರಿಗೆ ಎರಡೂ ಕಡೆ 12.5. ಗಂಡಸರಿಗೆ ಅಮೆರಿಕದಲ್ಲಿ 13, ಬ್ರಿಟನ್‌ನಲ್ಲಿ 13.5. ಎರಡು ದಾನಗಳ ನಡುವಿನ ಅಂತರ ಅಮೆರಿಕದಲ್ಲಿ 56 ದಿನ, ಬ್ರಿಟನ್‌ನಲ್ಲಿ ಗಂಡಸರಿಗೆ 12 ವಾರ, ಹೆಂಗಸರಿಗೆ 16 ವಾರ. ತವರಿನಲ್ಲಿ ಕೊಟ್ಟ ದಿನವೂ ಲೆಕ್ಕಕ್ಕೆ ಬರುತ್ತದೆ. ಅದು ಅವರ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ, ನೀವೇ ಹೇಳಬೇಕು.

ಕಾಯುವ ಕಾಲದಲ್ಲಿ ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಡುವುದು ಒಂದು ದಾರಿ. ಪರೋಪಜೀವಿ ಕೆಂಪುಕಣದಲ್ಲಿ ಇರುತ್ತದೆ ಅಂತ ಮೇಲೆ ಬರೆದಿದ್ದಾರಲ್ಲ, ಪ್ಲಾಸ್ಮಾದಲ್ಲಿ ಆ ಭಯ ಇಲ್ಲ. ಆಸ್ಟ್ರೇಲಿಯಾದಲ್ಲಿ ಮಲೇರಿಯಾ ದೇಶದಿಂದ ಬಂದವರನ್ನು ಮೊದಲ 4 ತಿಂಗಳು ಪ್ಲಾಸ್ಮಾಕ್ಕೆ ಮಾತ್ರ ಕರೆಯುತ್ತಾರೆ. ಅಮೆರಿಕದಲ್ಲೂ ಔಷಧ ತಯಾರಿಕೆಗೆ ಹೋಗುವ ಪ್ಲಾಸ್ಮಾಕ್ಕೆ ಮಲೇರಿಯಾ ನಿಯಮ ಅನ್ವಯಿಸುವುದಿಲ್ಲ, ಆದರೆ ಅಲ್ಲೂ 50 ಕೆಜಿ ಬೇಕು.

ಸೂಕ್ಷ್ಮದರ್ಶಕ:

ಕಾಂಡಕೋಶ (ಸ್ಟೆಮ್ ಸೆಲ್) ದಾನಿಗಳ ಪಟ್ಟಿಗೆ ಈಗಲೇ ಹೆಸರು ಕೊಡಿ. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿದರೆ ಸಾಕು. ಎಚ್‌ಎಲ್‌ಎ (ಅಂಗಾಂಶದ ಗುರುತು) ಹೊಂದಾಣಿಕೆ ಒಂದೇ ಮೂಲದ ಜನರಲ್ಲೇ ಸಿಗುವುದು ಹೆಚ್ಚು, ವಲಸೆ ಬಂದವರ ಹೆಸರು ಆ ಪಟ್ಟಿಗಳಲ್ಲಿ ಕಡಿಮೆ.

ನಿಮ್ಮದು ಒ ಗುಂಪು ಆಗಿದ್ದರೆ ಇನ್ನೊಂದು ಮಾತು. 1952ರಲ್ಲಿ ಮುಂಬೈಯಲ್ಲಿ ಗುರುತಿಸಿದ ಬಾಂಬೆ ರಕ್ತಗುಂಪು ಸಾಮಾನ್ಯ ಪರೀಕ್ಷೆಯಲ್ಲಿ ಒ ಅಂತಲೇ ತೋರುತ್ತದೆ. ಆಂಟಿ-ಎಚ್ ಅನ್ನುವ ಪರೀಕ್ಷಾ ದ್ರಾವಣ ಹಾಕಿ ನೋಡಿದರೆ ಮಾತ್ರ ಬೇರೆ ಅಂತ ಗೊತ್ತಾಗುವುದು. ಅವರಿಗೆ ಅದೇ ಗುಂಪಿನ ರಕ್ತ ಬಿಟ್ಟು ಬೇರೇನೂ ಆಗದು. ಯೂರೋಪ್ ಮೂಲದವರಲ್ಲಿ ಇದು ಅತಿ ವಿರಳ. ನಿಮ್ಮ ಅಥವಾ ಒಡಹುಟ್ಟಿದವರ ಹಳೆಯ ಕಾರ್ಡಿನಲ್ಲಿ ಅಂಥದ್ದೇನಾದರೂ ಬರೆದಿದ್ದರೆ, ಕಾಯುವ ಅವಧಿ ಮುಗಿಯದಿದ್ದರೂ ಕೇಂದ್ರದ ವೈದ್ಯರಿಗೆ ತಿಳಿಸಿ.

ಮಳೆಬಿಲ್ಲು:

ಕಡೆಯದಾಗಿ ಒಂದು. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಲ್ಲೇ ಕೊಟ್ಟು ಬರಬಹುದಾ?

ಕೆಂಪುಹನಿ:

ಅಲ್ಲಿನ ನಿಯಮ ಒಪ್ಪಿದರೆ ಧಾರಾಳವಾಗಿ. ಎಲ್ಲಿಂದ ಬಂದಿರಿ, ಯಾವಾಗ ಬಂದಿರಿ ಅಂತ ಅಲ್ಲೂ ಕೇಳುತ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಿ. ವಿಮಾನ ಇಳಿದ ಮರುದಿನ ಬೇಡ, ನಿದ್ದೆ ನೀರು ಎರಡೂ ಕೆಟ್ಟಿರುತ್ತದೆ. ಹಾಗೇ ಹೊರಡುವ ಹಿಂದಿನ ದಿನವೂ ಬೇಡ. ಮೊದಲ ವಾರದಲ್ಲೇ ಕೊಡಿ. ಫಾರ್ಮಿನಲ್ಲಿ ಊರಿನ ಹಳೆಯ ಸಿಮ್ ನಂಬರ್ ಬರೆಯಬೇಡಿ, ನೀವು ವಾಪಸ್ ಬಂದ ಮೇಲೂ ಸಿಗುವ ನಂಬರನ್ನೋ ಇಮೇಲನ್ನೋ ಕೊಡಿ. ಪರೀಕ್ಷೆಯಲ್ಲಿ ಏನಾದರೂ ಕಂಡರೆ ಅವರು ನಿಮ್ಮನ್ನು ಹುಡುಕಬೇಕಾಗುತ್ತದೆ.